ಬಾಲವಿಲ್ಲದೆ ಬಂದವನು

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಜನ ಮೊದಲು ಕೇಳುವುದು ‘ಹೇಗಾಯಿತು’ ಎಂದಲ್ಲ, ‘ಬಾಲ ಏನು ಬಂತು’ ಎಂದು. ಹಾಲುತುಪ್ಪ ಬಿಟ್ಟು ಮನೆಗೆ ಮರಳುವ ಹೊತ್ತಿಗೆ ಹೋದವರ ಕಡತ ಊರಿನ ಕಡತದ ಮನೆಯ ಕಂಪ್ಯೂಟರಿನಲ್ಲಿ ತಾನಾಗಿ ಬಂದು ಕೂತಿರುತ್ತದೆ. ಮೊದಲು ಹೆಸರು, ಆಮೇಲೆ ಒಂದು ಚುಕ್ಕಿ, ಚುಕ್ಕಿಯಾದ ಮೇಲೆ ಮೂರಕ್ಷರದ ಬಾಲ. ಕಡತವನ್ನು ಯಾವುದರಿಂದ ತೆರೆಯಬೇಕು ಎಂಬುದು ಬಾಲ ನೋಡಿದರೆ ತಿಳಿಯುತ್ತದೆ. ಹೋದವರು ಎಂಥವರಾಗಿದ್ದರು ಎಂಬುದೂ ತಿಳಿಯುತ್ತದೆ ಎಂದು ಊರಿನವರ ನಂಬಿಕೆ. ಆದ್ದರಿಂದ ಸಾವಿನ ಮನೆಗೆ ಬಂದವರು ಚಾಪೆಯ ಮೇಲೆ ಕೂತು, ಮೂಗು ಒರೆಸಿಕೊಂಡು, ಬಾಲ ಕೇಳಿ, ‘ಹೂಂ, ನಾನು ಅಂದುಕೊಂಡಿದ್ದೇ’ ಎಂದು ಎದ್ದು ಹೋಗುತ್ತಾರೆ.

ನನ್ನ ಗಂಡ ಇಂದುಧರನ ಕಡತ ಬಾಲವಿಲ್ಲದೆ ಬಂತು.

ಇದು ಎಷ್ಟು ಮುಜುಗರದ ಸಂಗತಿ ಎಂದು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮೂರ ಹೆಡ್‌ಮಾಸ್ತರರು ಪಿಡಿಎಫ್ ಆಗಿ ಬಂದರು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದೇ ಅಂಚು, ಅದೇ ಅಕ್ಷರ, ಅದೇ ಗಾಂಭೀರ್ಯ. ನೋಡಬಹುದು, ಮುಟ್ಟುವ ಹಾಗಿಲ್ಲ. ಅವರ ಎರಡನೆಯ ಪುಟದಲ್ಲಿ ‘ಅಲ್ಪಪ್ರಾಣ’ಕ್ಕೆ ಮಹಾಪ್ರಾಣ ಬಿದ್ದಿದೆ. ಅವರಿಂದ ಏಟು ತಿಂದ ಶಿಷ್ಯರು ತಿಂಗಳಿಗೊಮ್ಮೆ ಹೋಗಿ ಆ ಪುಟವನ್ನು ಭಕ್ತಿಯಿಂದ ನೋಡಿ ಬರುತ್ತಾರೆ. ಸೊಪ್ಪು ಮಾರುವ ಈರಮ್ಮ ಎಂಪಿ-ತ್ರೀ. ಅವಳ ಮಗ ಅದನ್ನು ಅಂಗಡಿಯಲ್ಲಿ ಹಾಕುತ್ತಾನೆ, ಗಿರಾಕಿಗಳು ಈಗಲೂ ಅವಳೊಂದಿಗೆ ಚೌಕಾಸಿ ಮಾಡಿ ಸೋಲುತ್ತಾರೆ. ನಾಟಕದಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ ಚಂಪಾಬಾಯಿ ಜೆಪಿಜಿ. ಅವಳನ್ನು ನೋಡಿದರೆ ಏನೂ ಆಗುತ್ತಿರಲಿಲ್ಲ. ಆದರೆ ಅಭಿಮಾನಿಗಳು ನೋಡಿ ಸುಮ್ಮನಿರುತ್ತಾರೆಯೆ? ಕೆನ್ನೆಗೆ ಕೊಂಚ ಬಣ್ಣ ಹಚ್ಚಿ ಉಳಿಸಿದರು, ಹುಬ್ಬು ತೀಡಿ ಉಳಿಸಿದರು. ಜೆಪಿಜಿ ಉಳಿಸಿದಷ್ಟು ಸಲವೂ ಒಂದಿಷ್ಟು ಸವೆಯುತ್ತದೆ. ಈಗ ಮೂಗುತಿ ಇದೆ, ಮೂಗು ಎಲ್ಲಿ ಎಂದು ಹುಡುಕಬೇಕು. ಸೂಲಗಿತ್ತಿ ಕಾಳಮ್ಮ, ಒಂದು ಸಂಸಾರಕ್ಕಾಗುವಷ್ಟನ್ನು ಒಂದೇ ಚೀಲದಲ್ಲಿ ತುರುಕಿ ಬಾಣಂತಿಯರ ಮನೆಗೆ ಹೋಗುತ್ತಿದ್ದವಳು, ಜಿಪ್ ಆಗಿ ಬಂದಳು. ಮೊದಲು ಗಂಟು ಬಿಚ್ಚಬೇಕು, ಆಮೇಲೆ ಒಳಗಿನದು. ಇನ್ನು ಇಎಕ್ಸ್‌ಇ ಬಾಲದವರನ್ನು ಬೀಗ ಹಾಕಿ ಇಟ್ಟಿದ್ದಾರೆ. ಅವು ಓದುವ ಕಡತಗಳಲ್ಲ. ಒತ್ತಿದರೆ ಎದ್ದು ಕೆಲಸ ಶುರುಮಾಡುತ್ತವೆ. ಊರಿನ ಚುನಾವಣೆಗಳನ್ನೆಲ್ಲ ನಡೆಸುತ್ತಿದ್ದ ಮುಖಂಡರೊಬ್ಬರನ್ನು ಅವರ ಅಳಿಯ ಆಸೆಗೆ ಬಿದ್ದು ತೆರೆದ. ಅವರು ಸಂಜೆಯೊಳಗೆ ಅಕ್ಕಪಕ್ಕದ ಕಡತಗಳನ್ನೆಲ್ಲ ತಮ್ಮ ಪಕ್ಷಕ್ಕೆ ಸೇರಿಸಿಕೊಂಡಿದ್ದರು.

ಹೀಗೆ ಒಬ್ಬೊಬ್ಬರಿಗೂ ಒಂದೊಂದು ಬಾಲವಿರುವ ಊರಿನಲ್ಲಿ ನನ್ನವನೊಬ್ಬ ಮೋಟಾಗಿ ಬಂದ. ‘ಇಂದುಧರ’ ಎಂದಷ್ಟೇ ಇತ್ತು. ಚುಕ್ಕಿಯೂ ಇರಲಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿದವಳು. ಜಗತ್ತಿನ ಯಾವ ಪುಸ್ತಕವನ್ನು ಕೊಟ್ಟರೂ ಅದು ಯಾವ ಕಪಾಟಿನ ಯಾವ ಸಾಲಿಗೆ ಸೇರಬೇಕು ಎಂದು ಹೇಳಬಲ್ಲೆ. ಮನೆಯವನನ್ನು ಎಲ್ಲಿಡಬೇಕೆಂದು ಹೇಳಲಾರದೆ ಕೂತೆ. ಅಳುವೂ ಬರಲಿಲ್ಲ. ತಡವಾದ ಬಸ್ಸಿಗೆ ಕಾದ ಹಾಗೆ ಎಲ್ಲರೂ ನನ್ನ ಅಳುವಿಗೆ ಕಾದು, ಕಾಫಿ ಕುಡಿದು, ಹೋದರು.

ಬಸ್ಸೆಂದರೆ ಇಂದುಧರನ ಉದ್ಯೋಗ. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಹೇಳುತ್ತಿದ್ದ. ಒಳ್ಳೆಯ ಗಂಟಲು. ಕೆಟ್ಟ ಅಭ್ಯಾಸ ಒಂದೇ: ಕೊನೆಯ ಪದಕ್ಕೆ ಬರುವ ಮೊದಲೇ ಮೈಕಿನ ಗುಂಡಿಯಿಂದ ಬೆರಳು ತೆಗೆದುಬಿಡುತ್ತಿದ್ದ. ‘ಪ್ರಯಾಣಿಕರು ದಯವಿಟ್ಟು ಗಮನಿಸಿ. ಕೆರೆಕೋಡಿ ಮಾರ್ಗವಾಗಿ ಸಂತೆಮಾಳಕ್ಕೆ ಹೋಗುವ ಬಸ್ಸು ಅಂಕಣ ಸಂಖ್ಯೆ’ ಎಂಬಲ್ಲಿಗೆ, ಯಾವ ಪ್ಲಾಟ್‌ಫಾರ್ಮು ಎಂದು ಹೇಳುವ ಮೊದಲೇ, ಧ್ವನಿ ನಿಂತುಹೋಗುತ್ತಿತ್ತು. ಜನ ಮೂಟೆ ಹೊತ್ತು ಅವನ ಕಿಟಕಿಗೆ ಓಡಿ ಬರುತ್ತಿದ್ದರು. “ಎಷ್ಟನೇ ಅಂಕಣನಪ್ಪಾ? ಅದನ್ನೊಂದು ಹೇಳೋಕೆ ನಿಂಗೇನು ರೋಗ?” ಅವನು ಎಲ್ಲರಿಗೂ ಸಮಾಧಾನವಾಗಿ ಬೆರಳು ಎತ್ತಿ ತೋರಿಸುತ್ತಿದ್ದ. ಈ ನೆಪದಲ್ಲಿ ಊರಿನವರೆಲ್ಲರ ಮುಖಪರಿಚಯ ಅವನಿಗಿತ್ತು. ಬೇಕೆಂದೇ ಹಾಗೆ ಮಾಡುತ್ತಾನೆ ಎಂದು ನನ್ನ ಅನುಮಾನ. ಕೇಳಿದರೆ ನಗುತ್ತಿದ್ದ.

ಮನೆಯಲ್ಲೂ ಅದೇ. ನಮ್ಮ ಮನೆಯಲ್ಲಿ ಒಲೆಯ ಮುಂದೆ ಒಂದನೆಯ ಅಂಕಣ, ಜಗಲಿಯ ಕಲ್ಲು ಎರಡನೆಯದು, ಮಂಚ ಮೂರನೆಯದು. ಬೆಳಗಿನ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಲೇ ಶುರು: “ಪ್ರಯಾಣಿಕರು ದಯವಿಟ್ಟು ಗಮನಿಸಿ. ಅಡುಗೆಮನೆಯಿಂದ ಹೊರಡಬೇಕಾಗಿದ್ದ ಕಾಫಿ ಕಾರಣಾಂತರಗಳಿಂದ ತಡವಾಗಿದ್ದು, ಇನ್ನು ಕೆಲವೇ ನಿಮಿಷಗಳಲ್ಲಿ ಅಂಕಣ ಸಂಖ್ಯೆ...” ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದ. ನಾನು ‘ಎರಡು’ ಎನ್ನಬೇಕು. ಅನ್ನದಿದ್ದರೆ ಮತ್ತೆ ಮೊದಲಿನಿಂದ. ಅಂದರೆ ಇಬ್ಬರೂ ಜಗಲಿಯ ಕಲ್ಲಿನ ಮೇಲೆ ಕೂತು ಕಾಫಿ ಕುಡಿಯುವುದು.

ಮಾಗಿಯ ಚಳಿಯಲ್ಲಿ ಸ್ವೆಟರ್ ಇಲ್ಲದೆ ಬೆಳಗಿನ ಪಾಳಿಗೆ ಹೋದ. ನನ್ನ ಅತ್ತೆ ಪುಟ್ಟಗೌರಮ್ಮ ಸ್ವೆಟರ್ ಹಿಡಿದು ಬೀದಿಯ ತಿರುವಿನವರೆಗೆ ಕೂಗುತ್ತ ಹೋದರು. ಅವನು ಕೈ ಬೀಸಿದನಂತೆ. ಎದೆಗೆ ಕಫ ಕಟ್ಟಿತು. ಹೋದ. ಇದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿಲ್ಲ.

ಕಡತದ ಮನೆಯ ಮೇಲ್ವಿಚಾರಕರ ಹೆಸರು ಷಡಕ್ಷರಪ್ಪ. ಮೂರಕ್ಷರದ ಬಾಲಗಳನ್ನು ಕಾಯುವ ಕೆಲಸಕ್ಕೆ ಇಷ್ಟು ಅಕ್ಷರ ಹೊತ್ತವರನ್ನು ಯಾರು ನೇಮಿಸಿದರೋ. ಅವರು ನನ್ನನ್ನೂ ಅತ್ತೆಯನ್ನೂ ಕೂರಿಸಿ ನಿಯಮ ತಿಳಿಸಿದರು.

“ಬಾಲ ಇಲ್ಲದ್ದನ್ನ ವರ್ಷದ ತಿಥಿವರೆಗೆ ಇಟ್ಕೊಂಡಿರ್ತೀವಿ ತಾಯಿ. ಅಷ್ಟ್ರಲ್ಲಿ ತೆರೀತೋ, ಸಂತೋಷ. ಇಲ್ಲಾಂದ್ರೆ ಅದನ್ನ ತೆಗೆದು, ಅದರ ಜಾಗದಲ್ಲಿ ಒಂದು ಫೋಟೊ ಇಡ್ತೀವಿ. ನೋಡೋರಿಗೂ ಚೆಂದ.”

“ತೆಗೆದದ್ದು?” ಎಂದೆ.

“ತೆಗೆದ್ರೆ ತೆಗೆದಂಗೆ. ಮತ್ತೆ ಬರಲ್ಲ.”

“ಅಲ್ರೀ,” ಎಂದರು ಅತ್ತೆ, “ನಿಮ್ ಹತ್ರ ಅಷ್ಟೊಂದು ಬಾಲ ಇವೆಯಲ್ಲ, ಒಂದು ಅಂಟಿಸಿ ಕೊಡಿ. ಕೇಳಿದೋರಿಗೆ ಏನಂತ ಹೇಳ್ಲಿ ನಾನು?”

ಆ ವರ್ಷವೆಲ್ಲ ನಡೆದದ್ದು ಇದೇ. ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಮೇಲಿನ ಕತ್ತೆಗೆ ಬಾಲ ಅಂಟಿಸುತ್ತವಲ್ಲ, ಊರಿಗೆ ಊರೇ ಇಂದುಧರನೊಂದಿಗೆ ಆ ಆಟಕ್ಕೆ ನಿಂತಿತು. ಮೊದಲು ಬಂದವನು ದಾಸೇಗೌಡ, ಇಂದುಧರನ ಗೆಳೆಯ, ಸಂತೆಮಾಳದ ಬಸ್ಸಿನ ಕಂಡಕ್ಟರ್. ಅವನಿಗೆ ಸಂಶಯವೇ ಇರಲಿಲ್ಲ.

“ಅತ್ತಿಗೆ, ಜೀವಮಾನವೆಲ್ಲ ಮೈಕಿನ ಮುಂದೆ ಕೂತೋನು. ಎಂಪಿ-ತ್ರೀ ಅಲ್ದೆ ಇನ್ನೇನಾಗ್ತಾನೆ? ಬರೀರಿ ಷಡಕ್ಷರಪ್ನೋರೆ.”

ಬರೆದರು. ಹಾಡು ನುಡಿಸುವ ಕಿಟಕಿ ತೆರೆಯಿತು. ಎಲ್ಲರೂ ಕಿವಿ ಮುಂದೆ ಮಾಡಿದೆವು. ಇನಿತೂ ಸದ್ದಿಲ್ಲ.

“ಅಂಕಣದ ನಂಬರು ಹೇಳೋ ಜಾಗಕ್ಕೆ ಬಂದಿರ್ಬೇಕು,” ಎಂದ ದಾಸೇಗೌಡ.

ಅತ್ತೆಗೆ ಫೋಟೊ ಬೇಕಿತ್ತು. ಜೆಪಿಜಿ ಎಂದು ಬರೆಸಿದರು. ‘ಈ ಕಡತ ಕೆಟ್ಟಿರಬಹುದು’ ಎಂದು ಪರದೆಯ ಮೇಲೆ ಬಂತು. ಷಡಕ್ಷರಪ್ಪ ಅದನ್ನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು.

“ಯಾರ್ರೀ ಕೆಟ್ಟಿರೋದು? ನನ್ ಮಗ ಕೆಟ್ಟೋನಾ? ಒಂದು ಬೀಡಿ ಸೇದ್ದೋನಲ್ಲ! ಕೆಟ್ಟಿರೋದು ನಿಮ್ ಡಬ್ಬ!”

“ನಾನಲ್ಲ ತಾಯಿ, ಅದು ಹೇಳ್ತಿರೋದು...”

“ಅದಕ್ಕೆ ಹೇಳ್ಕೊಟ್ಟೋರು ಯಾರು?”

ಆಮೇಲೆ ಪಿಡಿಎಫ್ ಆಯಿತು, ಡಾಕ್ ಆಯಿತು. ಒಮ್ಮೆ ದಾಸೇಗೌಡ ಇಎಕ್ಸ್‌ಇ ಬರೆದೇ ಬಿಟ್ಟ. ಷಡಕ್ಷರಪ್ಪ ಮೇಜಿನ ಕೆಳಗೆ ಕೂತರು. ಏನೂ ಆಗಲಿಲ್ಲ. ಬಾಲ ಅಂಟಿಸಿದರೂ ಕಿತ್ತರೂ ಕಡತ ಹಾಗೇ ಇತ್ತು. ಅದರ ತೂಕ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಅವನ ಹಾಗೆಯೇ: ಯಾರು ಏನೆಂದು ಕರೆದರೂ ತಿರುಗಿ ನೋಡುತ್ತಿದ್ದ, ಆದರೆ ಬದಲಾಗುತ್ತಿರಲಿಲ್ಲ. ಇದನ್ನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ. ಆ ದಿನಗಳಲ್ಲಿ ನಾನು ಕರೆದಲ್ಲಿಗೆ ಹೋಗುತ್ತಿದ್ದೆ, ಕೂರು ಎಂದಲ್ಲಿ ಕೂರುತ್ತಿದ್ದೆ. ಕಾಫಿಯನ್ನು ಒಲೆಯ ಮುಂದೆಯೇ ನಿಂತು ಕುಡಿದು ಲೋಟ ತೊಳೆಯುತ್ತಿದ್ದೆ. ಜಗಲಿಯ ಕಲ್ಲಿನ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗತೊಡಗಿತ್ತು. ಏಳಿಸುವವರಿರಲಿಲ್ಲ.

ಮತ್ತೆ ಮಾಗಿ ಬಂತು. ತಿಥಿಗೆ ವಾರವಿರುವಾಗ ಷಡಕ್ಷರಪ್ಪ ಮನೆಗೇ ಬಂದರು. ಜೋಪಾನವಾಗಿ ಮಾತಾಡಿದರು. ಫೋಟೊ ಆರಿಸಿ ಕೊಟ್ಟರೆ ತಿಥಿಯ ದಿನ ಎಲ್ಲರೆದುರು ತೆರೆಯಬಹುದು, ಬಂದವರಿಗೂ ಒಂದು ನೆಮ್ಮದಿ ಎಂದರು. ಅತ್ತೆ ಟ್ರಂಕಿನಿಂದ ಇದ್ದೊಂದು ಫೋಟೊ ತಂದರು. ನಿಲ್ದಾಣದ ಗುರುತಿನ ಚೀಟಿಗೆ ತೆಗೆಸಿದ್ದು. ಅದರಲ್ಲಿ ಅವನ ಕಣ್ಣು ಅರ್ಧ ಮುಚ್ಚಿದೆ, ಬಾಯಿ ಅರ್ಧ ತೆರೆದಿದೆ. ಫೋಟೊಗ್ರಾಫರನಿಗೂ ಕೊನೆಯ ಪದ ಹೇಳದೆ ಬಿಟ್ಟಿರಬೇಕು.

“ನೀನೇನಂತೀಯೆ ಹಂಸ?” ಎಂದರು ಅತ್ತೆ.

“ಆಗಲಿ,” ಎಂದೆ.

ಅವರು ನನ್ನನ್ನೇ ನೋಡಿದರು. “ಕೋಳಿ ಕೊಯ್ಯಲಾ ಅಂದ್ರೂ ಆಗಲಿ, ಮನೆ ಮಾರಲಾ ಅಂದ್ರೂ ಆಗಲಿ. ಒಂದ್ಸಲ ಬೇಡ ಅನ್ನೇ. ಜಗಳ ಆಡೋಕೆ ನಂಗೂ ಒಬ್ರು ಬೇಕು.”

ಷಡಕ್ಷರಪ್ಪ ಫೋಟೊವನ್ನು ಜೇಬಿಗೆ ಹಾಕಿಕೊಂಡು ಹೋದರು. ತಿಥಿಯ ಹಿಂದಿನ ದಿನ ಮಧ್ಯಾಹ್ನ ಬದಲಾಯಿಸುವುದೆಂದು ಮಾತಾಯಿತು.

ಆ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ತಿಥಿಯ ಅಡುಗೆಗೆ ಸಾಮಾನು ಹೊಂದಿಸುತ್ತಿದ್ದೆವು. ನಮ್ಮ ಅತ್ತೆಯ ಅಡುಗೆಮನೆಯಲ್ಲಿ ಯಾವ ಡಬ್ಬಿಯೂ ತನ್ನ ಮೇಲೆ ಬರೆದದ್ದನ್ನು ಇಟ್ಟುಕೊಂಡಿರುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಮೆಣಸಿನಕಾಯಿ, ಮಕ್ಕಳ ಹಾಲಿನ ಪುಡಿಯ ಡಬ್ಬಿಯಲ್ಲಿ ಸಾಸಿವೆ. ಮದುವೆಯಾದ ಹೊಸತರಲ್ಲಿ ನಾನು ಎಲ್ಲಕ್ಕೂ ಚೀಟಿ ಅಂಟಿಸಿದ್ದೆ. ಅವರು ಚೀಟಿಗಳನ್ನು ಗೌರವದಿಂದ ಹಾಗೇ ಬಿಟ್ಟು ಒಳಗಿನದನ್ನು ಅದಲುಬದಲು ಮಾಡಿದ್ದರು. ‘ಸಕ್ಕರೆ’ ಎಂದು ನಾನೇ ಬರೆದಿದ್ದ ಡಬ್ಬಿ ತೆಗೆದು ಪಾಯಸಕ್ಕೆ ಸುರಿಯಲು ಹೋದೆ.

“ಅಯ್ಯೋ, ಉಪ್ಪು ಕಣೇ ಅದು!” ಅತ್ತೆ ನನ್ನ ಕೈ ಹಿಡಿದರು. “ಓದಿದೋಳು ಅಂದ್ರೆ ಓದಿದೋಳೇ ನೀನು. ಹೊರಗಡೆ ಬರೆದಿರೋದನ್ನ ಓದ್ತಾ ಕೂತ್ರೆ ಆಯ್ತಾ? ಮುಚ್ಚಳ ತೆಗ್ದು ಒಂದು ಚಿಟಿಕೆ ನಾಲಿಗೆ ಮೇಲೆ ಹಾಕ್ಕೊಂಡು ನೋಡೋದಲ್ವಾ?”

ಡಬ್ಬಿ ನನ್ನ ಕೈಯಲ್ಲೇ ಉಳಿಯಿತು. ಒಂದು ವರ್ಷದಿಂದ ನಾವು ಮಾಡಿದ್ದು ಇದನ್ನೇ. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಬರೆದು, ಸಿಹಿಯಾಗಲಿಲ್ಲವೆಂದು ಮತ್ತೊಂದು ಚೀಟಿ ಅಂಟಿಸುವುದು. ಬಾಲ ಹೊರಗಿನ ಚೀಟಿ. ಒಳಗಿನದನ್ನು ಯಾರೂ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡಿರಲಿಲ್ಲ.

“ಅತ್ತೆ, ಬೇಡ,” ಎಂದೆ.

“ಪಾಯಸ ಬೇಡ್ವಾ?”

“ಫೋಟೊ ಬೇಡ. ಬನ್ನಿ, ಚಪ್ಪಲಿ ಹಾಕ್ಕೊಳ್ಳಿ.”

ಅವರು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸುತ್ತ, “ದೇವ್ರು ದೊಡ್ಡೋನು, ಬೇಡ ಅಂದ್ಳು,” ಎಂದು ಗೋಡೆಗೆ ಹೇಳಿ ಹೊರಟರು.

ಷಡಕ್ಷರಪ್ಪ ಫೋಟೊವನ್ನು ಸಿದ್ಧ ಮಾಡಿಕೊಂಡು ಕೂತಿದ್ದರು. ನಾನು ಅವರ ಕುರ್ಚಿ ಕೇಳಿ ಕೂತೆ. ನೋಟ್‌ಪ್ಯಾಡ್ ತೆರೆದೆ. ಅದು ಬಡವರ ಕಿಟಕಿ. ಬಣ್ಣವಿಲ್ಲ, ಚಿತ್ರವಿಲ್ಲ, ಬರಿಯ ಅಕ್ಷರ. ಟಿಎಕ್ಸ್‌ಟಿ ಬಾಲದ ಸಾದಾ ಜನರಿಗಾಗಿ ಇಟ್ಟದ್ದು. ಆದರೆ ಅದಕ್ಕೊಂದು ಒಳ್ಳೆಯ ಗುಣವಿದೆ. ಏನು ಕೊಟ್ಟರೂ ಬೇಡ ಎನ್ನುವುದಿಲ್ಲ, ಅರ್ಥವಾಗದಿದ್ದರೂ ಇದ್ದದ್ದನ್ನು ಇದ್ದ ಹಾಗೆ ತೋರಿಸಿಬಿಡುತ್ತದೆ.

“ಮೊದಲು ಬಾಲ ಗೊತ್ತಿರುವವರ ರುಚಿ ನೋಡೋಣ,” ಎಂದು ಹೆಡ್‌ಮಾಸ್ತರರನ್ನು ಅದರಲ್ಲಿ ತೆರೆದೆ.

“ಏನ್ ತಾಯಿ, ಮೇಷ್ಟ್ರನ್ನ ಹೀಗೆ ಬರೀ ಮೈಯಲ್ಲಿ...” ಎಂದರು ಷಡಕ್ಷರಪ್ಪ.

ಪರದೆಯ ತುಂಬ ಚೆಲ್ಲಿದ ರಂಗೋಲಿಯಂಥ ಕಲಸುಮೇಲೋಗರ. ಆದರೆ ಎಲ್ಲಕ್ಕೂ ಮೊದಲು, ತುತ್ತತುದಿಯಲ್ಲಿ, ಪಿ, ಡಿ, ಎಫ್ ಎಂದಿತ್ತು. ಬಾಲದಲ್ಲಿದ್ದದ್ದು ತಲೆಯಲ್ಲೂ ಇತ್ತು. ಈರಮ್ಮನನ್ನು ತೆರೆದೆ. ಅವಳ ತಲೆಯಲ್ಲಿ ಐ, ಡಿ, ಮೂರು. ಇನ್ನೊಂದು ಎಂಪಿ-ತ್ರೀ ತೆರೆದೆ, ಅದರಲ್ಲೂ ಐ, ಡಿ, ಮೂರು. ಚಂಪಾಬಾಯಿಯ ತಲೆಯಲ್ಲಿ ಬೇರೆ. ಸೂಲಗಿತ್ತಿ ಕಾಳಮ್ಮನ ತಲೆಯಲ್ಲಿ ಪಿ, ಕೆ. ಜಿಪ್ ಬಾಲದ ಇನ್ನೊಬ್ಬರನ್ನು ತೆರೆದರೆ ಅಲ್ಲೂ ಪಿ, ಕೆ. ಅತ್ತೆ ನನ್ನ ಬೆನ್ನಿಗೆ ನಿಂತು ಒಂದೊಂದಕ್ಕೂ ‘ಹೂಂ’ ಎನ್ನುತ್ತಿದ್ದರು, ಸಾರಿಗೆ ಉಪ್ಪು ನೋಡಿದ ಹಾಗೆ.

ಕೊನೆಗೆ ಇಂದುಧರ. ಬೆರಳು ಒಂದು ಕ್ಷಣ ನಿಂತಿತು.

“ತೆಗೀ ಮುಚ್ಚಳ,” ಎಂದರು ಅತ್ತೆ.

ಪಿ. ಕೆ.

ಷಡಕ್ಷರಪ್ಪನವರೇ ಮೊದಲು ಮಾತಾಡಿದರು. “ಜಿಪ್ಪು! ಅದೊಂದು ಬಾಲ ಯಾರೂ ಅಂಟಿಸ್ಲೇ ಇಲ್ಲ!”

“ಏನಂದ್ರಿ?” ಎಂದರು ಅತ್ತೆ.

“ಜಿಪ್ ತಾಯಿ. ಗಂಟು ಕಟ್ಟಿರೋ ಕಡತ.”

ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡರು. ಅಳುತ್ತಾರೆ ಎಂದುಕೊಂಡೆ. ಅವರ ಭುಜ ಕುಣಿಯುತ್ತಿತ್ತು. “ಅಯ್ಯೋ ನನ್ನಪ್ಪನೇ! ಎಸ್ಸೆಲ್ಸಿಗೆ ಬರೋವರೆಗೂ ಚಡ್ಡಿ ಜಿಪ್ಪು ಹಾಕ್ಕೊಳ್ಳೋದು ನೆನಪಿರ್ತಿರ್ಲಿಲ್ಲ ಇವನಿಗೆ. ‘ಜಿಪ್ಪು ಹಾಕೋ, ಜಿಪ್ಪು ಹಾಕೋ’ ಅಂತ ಕೂಗಿ ಕೂಗಿ ನನ್ ಗಂಟ್ಲು ಹೋಯ್ತು. ಈಗ್ಲೂ ನೋಡು, ಮರ್ತೇ ಬಂದವ್ನೆ!”

ನಾನು ನಕ್ಕೆ. ನನ್ನ ನಗು ನನಗೇ ಯಾರದೋ ಎನ್ನಿಸಿತು. ಮತ್ತೆ ನಕ್ಕೆ. ಆಮೇಲೆ ಅವನ ಹೆಸರಿನ ಮುಂದೆ ಚುಕ್ಕಿ ಇಟ್ಟು, ಜಿಪ್ ಎಂದು ಬರೆದು, ಗಂಟು ಬಿಚ್ಚಿದೆ.

ಒಳಗೆ ಹಲವು ಇದ್ದವು. ಒಂದೊಂದಕ್ಕೂ ಅದರದರ ಬಾಲ. ಬಾಲ ಹಾಕಿಕೊಳ್ಳಲು ಬಾರದವನಲ್ಲ, ಒಂದೇ ಬಾಲಕ್ಕೆ ಒಗ್ಗದವನು. ಬಸ್ಸುಗಳ ವೇಳಾಪಟ್ಟಿಯೊಂದು ಎಕ್ಸ್‌ಎಲ್‌ಎಸ್ ಆಗಿ ಮನೆಮನೆಯಾಗಿ ಕೂತಿತ್ತು. ಅಂಕಣದ ಮನೆಗಳೆಲ್ಲ ಖಾಲಿ. ಅತ್ತೆ ಬಾಗಿಲಲ್ಲಿ ಬಿಡುವ ರಂಗೋಲಿ ಪಿಎನ್‌ಜಿ ಆಗಿತ್ತು. ಗೆರೆಗಳಷ್ಟೇ ಇದ್ದವು, ಹಿಂದೆ ನೆಲವಿರಲಿಲ್ಲ. ಎಲ್ಲಿ ಇಟ್ಟರೆ ಅಲ್ಲಿಯ ನೆಲ ಕಾಣುತ್ತಿತ್ತು. ಒಂದು ಎಂಪಿ-ತ್ರೀ ಇತ್ತು. ಒತ್ತಿದೆ. ಒಂದು ದೊಡ್ಡ ಸೀನು, ‘ಅಮ್ಮಾ’ ಎಂಬ ಉದ್ಗಾರ, ಮುಗಿಯಿತು. ಅತ್ತೆ ಅದನ್ನು ಇನ್ನೊಮ್ಮೆ ಹಾಕಿಸಿದರು. ಮತ್ತೂ ಒಮ್ಮೆ ಹಾಕಿಸಿದರು.

ಕೊನೆಯಲ್ಲಿದ್ದದ್ದು ಒಂದು ಡಾಕ್. ಹೆಡ್‌ಮಾಸ್ತರರ ಪಿಡಿಎಫ್‌ನಂತೆ ಅದು ಮುಚ್ಚಿದ್ದಲ್ಲ. ಡಾಕ್ ಎಂದರೆ ಕೈ ಹಾಕಬಹುದು, ಅಳಿಸಬಹುದು, ಸೇರಿಸಬಹುದು. ತೆರೆದೆ. ಒಂದೇ ಸಾಲಿತ್ತು.

‘ಪ್ರಯಾಣಿಕರು ದಯವಿಟ್ಟು ಗಮನಿಸಿ. ಅಡುಗೆಮನೆಯಲ್ಲಿ ಬಹಳ ಹೊತ್ತಿನಿಂದ ನಿಂತಿರುವ ಹಂಸ ಅವರು ಕೂಡಲೇ ಅಂಕಣ ಸಂಖ್ಯೆ’

ಅಲ್ಲಿಗೆ ನಿಂತಿತ್ತು. ಅದರ ಪಕ್ಕದಲ್ಲಿ ಕರ್ಸರಿನ ಸಣ್ಣ ಗೆರೆ ಮಿಟುಕುತ್ತ ಕಾಯುತ್ತಿತ್ತು.

ಷಡಕ್ಷರಪ್ಪ ಕಿಟಕಿಯ ಕಡೆ ಹೋಗಿ ಹೊರಗೆ ಏನನ್ನೋ ನೋಡತೊಡಗಿದರು. ನಾನು ‘ಎರಡು’ ಎಂದು ಬರೆದೆ. ಅಕ್ಷರಗಳು ಮಂಜಾಗಿ ಕಂಡವು. ತಡವಾಗಿದ್ದ ಬಸ್ಸು ಬಂದಿತ್ತು.

ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟು, ಅಳುವುದಕ್ಕೆ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ಇದರಲ್ಲಿ ನಾವೂ ಬರೀಬೋದಾ?”

“ಬರೀಬಹುದು.”

“ಹಾಗಾದ್ರೆ ಕೆಳಗಡೆ ಒಂದು ಸಾಲು ಹಾಕು. ‘ಸ್ವೆಟರ್ ಹಾಕ್ಕೊಂಡು ಹೋಗು.’ ಅಷ್ಟೇ.”

ಹಾಕಿದೆ. ಮುಚ್ಚಲು ಹೋದಾಗ ಕಂಪ್ಯೂಟರು ಕೇಳಿತು: ‘ಮಾಡಿದ ಬದಲಾವಣೆಗಳನ್ನು ಉಳಿಸಬೇಕೆ?’ ನಾನು ಷಡಕ್ಷರಪ್ಪನವರ ಕಡೆ ತಿರುಗಿದೆ. ಹೋದವರ ಕಡತದಲ್ಲಿ ಬದುಕಿರುವವರು ಬರೆಯಬಹುದೆ ಎಂಬುದಕ್ಕೆ ಅವರಲ್ಲಿ ನಿಯಮವಿರಲಿಲ್ಲ.

“ಇನ್ನೇನ್ ನೋಡ್ತೀಯೆ?” ಎಂದರು ಅತ್ತೆ. “ಅವನ್ಯಾವತ್ತು ಮಾತು ಮುಗಿಸಿದ್ದ? ನೀನೇ ತಾನೆ ಮುಗಿಸ್ತಿದ್ದೋಳು. ಹೂಂ ಅನ್ನು.”

ಹೂಂ ಎಂದೆ. ಅರ್ಧ ಕಣ್ಣು ಮುಚ್ಚಿದ ಫೋಟೊವನ್ನು ಅತ್ತೆ ವಾಪಸು ಇಸಕೊಂಡು ಕುಪ್ಪಸದಲ್ಲಿ ಇಟ್ಟುಕೊಂಡರು. ದಾರಿಯಲ್ಲಿ ದಾಸೇಗೌಡನ ಬಸ್ಸು ಎದುರಾಯಿತು. ಅವನು ಫುಟ್‌ಬೋರ್ಡಿನಿಂದಲೇ ಬಾಗಿ, “ಅತ್ತಿಗೆ, ಬಾಲ ಏನು ಬಂತು?” ಎಂದು ಕೂಗಿದ. ಅತ್ತೆ ಬಸ್ಸಿನವರಿಗೆಲ್ಲ ಕೇಳುವ ಹಾಗೆ ಉತ್ತರಿಸಿದರು: “ಮೊದ್ಲು ನಿನ್ ಜಿಪ್ಪು ನೋಡ್ಕೊಳ್ಳೋ!” ಅವನು ಗಾಬರಿಯಾಗಿ ಕೆಳಗೆ ನೋಡಿಕೊಂಡ.

ಮನೆಗೆ ಬಂದು ಕಾಫಿಗೆ ಇಟ್ಟೆ. ಸಕ್ಕರೆಯನ್ನು ನಾಲಿಗೆಯ ಮೇಲೆ ಹಾಕಿಕೊಂಡು ನೋಡಿಯೇ ಬೆರೆಸಿದೆ. ಲೋಟಗಳನ್ನು ಜಗಲಿಗೆ ತಂದರೆ ಬೆಕ್ಕು ಕಲ್ಲಿನ ಮೇಲೆ ಮಲಗಿತ್ತು, ಎಬ್ಬಿಸಿದೆ. ಅತ್ತೆ ಒಳಗೆ ಪಾಯಸದ ಪಾತ್ರೆ ಹುಡುಕುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

“ಪ್ರಯಾಣಿಕರು ದಯವಿಟ್ಟು ಗಮನಿಸಿ. ಪುಟ್ಟಗೌರಮ್ಮನವರಿಗೆ ಹೊರಟಿರುವ ಕಾಫಿ ಅಂಕಣ ಸಂಖ್ಯೆ...”

ಪಾತ್ರೆಗಳ ಸದ್ದು ನಿಂತಿತು. ಒಳಗಿನಿಂದ ಅತ್ತೆಯ ಧ್ವನಿ ಬಂತು.

“ಎಷ್ಟನೇದೇ? ಅದನ್ನೊಂದು ಹೇಳೋಕೆ ನಿಂಗೇನು ರೋಗ?”